ಹತ್ತು ಸೆಕೆಂಡಿನ ಸಿಲಿಂಡರ್

2019ರ ಫೆಬ್ರವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ 5ನೇ ಗೇಟಿನ ಬಳಿಯ ಬಯಲಿನಲ್ಲಿ, ಸಾಲುಸಾಲಾಗಿ ನಿಂತಿದ್ದ ಕಾರುಗಳ ನಡುವಿನಿಂದ ಕಪ್ಪು ಹೊಗೆ ಎದ್ದಿತು. ಬಯಲಿನ ತುಂಬ ಒಣಹುಲ್ಲು, ಜೊತೆಗೆ ಜೋರು ಗಾಳಿ. ಬೆಂಕಿ ಕಾರಿನಿಂದ ಕಾರಿಗೆ ಹಬ್ಬುತ್ತ ಹೋಯಿತು. ಆರಿಸುವ ಹೊತ್ತಿಗೆ ಸುಮಾರು 300 ಕಾರುಗಳು ಸುಟ್ಟು ಕರಕಲಾಗಿದ್ದವು. ಯಾರ ಜೀವವೂ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಅಕ್ಕಪಕ್ಕದ ಕಾರುಗಳನ್ನು ಸರಿಸಿ ನಡುವೆ ಖಾಲಿ ಜಾಗ ಮಾಡಿದ್ದರಿಂದ ಬೆಂಕಿ ಮುಂದಕ್ಕೆ ಹೋಗದೆ ನಿಂತಿತು ಎಂದು ವಾಯುಪಡೆ ಆಗ ಹೇಳಿತ್ತು. ಬೆಂಕಿ ಹೊತ್ತಿದ್ದು ಹೇಗೆ ಎಂಬ ಬಗ್ಗೆ ಮೊದಲ ದಿನಗಳಲ್ಲಿ ಕೇಳಿಬಂದ ಅನುಮಾನಗಳು ಎರಡು: ಯಾರೋ ಎಸೆದ ಸಿಗರೇಟಿನ ತುಂಡು, ಇಲ್ಲವೇ ಹುಲ್ಲಿಗೆ ತಾಗಿದ ಕಾದ ಸೈಲೆನ್ಸರ್.

ಈ ಎರಡನೆಯ ಅನುಮಾನವನ್ನು ಜೀಪು ಓಡಿಸುವವರು ಮನಸ್ಸಿಗೆ ತಂದುಕೊಳ್ಳಬೇಕು. ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರದ ಕಡೆಯಿಂದ ಭಾನುವಾರ ಬೆಳಗಿನ ಜಾವವೇ ಹೊರಡುವ ಥಾರ್, ಜಿಮ್ನಿ, ಹಳೆಯ ಮಹೀಂದ್ರಾ ಜೀಪುಗಳು ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಸುತ್ತಮುತ್ತ, ಚಿಕ್ಕಬಳ್ಳಾಪುರದ ಗುಡ್ಡಗಳ ಬುಡ, ನೀರು ಬತ್ತಿದ ಕೆರೆಯಂಗಳ ಹೀಗೆ ಎಲ್ಲೆಂದರಲ್ಲಿ ಇಳಿಯುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲೆಲ್ಲ ಇರುವುದು ಮೊಣಕಾಲೆತ್ತರದ ಇದೇ ಒಣಹುಲ್ಲು.

ಗಾಡಿಯಡಿ ಬಗ್ಗಿ ನೋಡಿದರೆ ಅಪಾಯದ ಜಾಗ ಕಾಣಿಸುತ್ತದೆ. ಎಂಜಿನ್ನಿನಿಂದ ಹೊರಟ ಹೊಗೆ ಕೊಳವೆಯ ಮೇಲೆ ಮೊದಲು ಸಿಗುವ ಉಬ್ಬಿದ ಡಬ್ಬಿ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿ ಉಳಿದ ವಿಷಾನಿಲಗಳನ್ನು ಸುಡುವುದೇ ಅದರ ಕೆಲಸ. ಹಾಗಾಗಿ ಮಾಮೂಲಿ ಓಟದಲ್ಲೇ ಅದು ನಾನೂರು, ಐನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಒಂದು ಪ್ಲಗ್ ಕೈಕೊಟ್ಟು ಉರಿಯದ ಪೆಟ್ರೋಲು ಅದರೊಳಗೆ ಹೋಯಿತೆಂದರೆ ಶಾಖ ಇನ್ನೂ ಮೇಲಕ್ಕೇರುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್‌-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಿಗೂ ಇಂಥದ್ದೇ ಒಂದು ಭಾಗ ಸೇರಿತು: ಮಸಿ ಹಿಡಿದಿಡುವ ಫಿಲ್ಟರ್. ಸಂಗ್ರಹವಾದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ, ಆಗ ಒಳಗಿನ ಶಾಖ 600 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಒಣಹುಲ್ಲು ಹೊತ್ತಿಕೊಳ್ಳಲು ಇದರ ಅರ್ಧದಷ್ಟು ಸಾಕು.

ಹೆದ್ದಾರಿಯಲ್ಲಿ ಓಡುವಾಗ ಗಾಳಿ ಈ ಶಾಖವನ್ನು ಹೊತ್ತೊಯ್ಯುತ್ತದೆ. ಗುಡ್ಡದಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ಗಾಳಿ ಇಲ್ಲವೇ ಇಲ್ಲ. ಕಲ್ಲೇಟು ತಪ್ಪಿಸಲೆಂದು ಹೊಟ್ಟೆಯಡಿ ಕೂರಿಸಿದ ಸ್ಕಿಡ್ ಪ್ಲೇಟ್ ಇನ್ನೊಂದು ತೊಂದರೆ ತರುತ್ತದೆ. ಗಾಡಿ ಹುಲ್ಲಿನಲ್ಲಿ ನುಗ್ಗುವಾಗ ಮುರಿದ ಕಡ್ಡಿ, ತೆನೆ, ತರಗೆಲ್ಲ ಆ ಪ್ಲೇಟಿನ ಮೇಲೆ ಬಂದು ಕೂರುತ್ತವೆ. ಮುಂದಿನ ಹುಲ್ಲು ಹಿಂದಿನದನ್ನು ಒತ್ತುತ್ತ ಒತ್ತುತ್ತ ಅಲ್ಲೊಂದು ಮೆತ್ತೆಯೇ ಆಗುತ್ತದೆ, ಬಿಸಿ ಕೊಳವೆಗೆ ಅಂಟಿಕೊಂಡೇ. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಕಿಡಿ ಒಳಗೇ ಹೊಗೆಯಾಡುತ್ತಿರುತ್ತದೆ. ಆದ್ದರಿಂದ ಹುಲ್ಲುಗಾವಲು ದಾಟಿದ ಮೇಲೆ ಬರಿನೆಲ ನೋಡಿ ನಿಲ್ಲಿಸಿ, ಅಡಿಗೆ ಟಾರ್ಚ್ ಬಿಟ್ಟು ನೋಡಿ, ಕೊಕ್ಕೆ ಹಾಕಿ ಹುಲ್ಲು ಎಳೆದು ಹಾಕುವುದು ಬೆಂಕಿ ಆರಿಸುವ ಯಾವ ಸಿಲಿಂಡರ್‌ಗಿಂತಲೂ ದೊಡ್ಡ ರಕ್ಷಣೆ.

ಇನ್ನು ಸಿಲಿಂಡರಿನ ಆಯ್ಕೆ. ಗಾಡಿಯಲ್ಲಿ ಉರಿಯುವ ವಸ್ತುಗಳಲ್ಲಿ ಎರಡು ಬಗೆ. ಸೀಟು, ರಬ್ಬರು, ಹುಲ್ಲು, ವೈರಿನ ಹೊದಿಕೆ ‘ಎ’ ವರ್ಗದವು. ಪೆಟ್ರೋಲು, ಡೀಸೆಲ್, ಎಂಜಿನ್ ಆಯಿಲ್ ‘ಬಿ’ ವರ್ಗದವು. ಸಿಎನ್‌ಜಿ ಇದ್ದರೆ ಅನಿಲದ ‘ಸಿ’ ವರ್ಗವೂ ಸೇರಿತು. ಇವೆಲ್ಲಕ್ಕೂ ಒದಗುವುದು ‘ಎಬಿಸಿ’ ಎಂದು ಬರೆದಿರುವ ಪುಡಿಯ ಸಿಲಿಂಡರ್. ಅದರಲ್ಲಿರುವ ಮುಖ್ಯ ರಾಸಾಯನಿಕ ಮೋನೋ ಅಮೋನಿಯಂ ಫಾಸ್ಫೇಟ್.

ಈ ಪುಡಿ ಬೆಂಕಿಗೆ ಮಣ್ಣು ಮುಚ್ಚಿದ ಹಾಗೆ ಕೆಲಸ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಕೆಲಸ ಇನ್ನೂ ಆಳದ್ದು. ಜ್ವಾಲೆಯೊಳಗೆ ಹೈಡ್ರೋಜನ್, ಹೈಡ್ರಾಕ್ಸಿಲ್ ಎಂಬ ಕ್ಷಣಾಯುಷ್ಯದ ಚೂರುಗಳು ಒಂದು ಅಣುವನ್ನು ಒಡೆದು ಮುಂದಿನದಕ್ಕೆ ಹಾರುತ್ತ ಸರಪಳಿಯನ್ನು ಬೆಳೆಸುತ್ತಿರುತ್ತವೆ. ಹಿಟ್ಟಿಗಿಂತ ನುಣ್ಣಗಿನ ಪುಡಿಯ ಕಣಗಳು ಅವನ್ನು ಹಿಡಿದುಕೊಂಡು ಸರಪಳಿಯನ್ನು ನಡುವೆಯೇ ಕಡಿಯುತ್ತವೆ. ಅದಕ್ಕೇ ಒಂದೆರಡು ಕಿಲೋ ಪುಡಿ ಆಳೆತ್ತರದ ಜ್ವಾಲೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಂದಿಸಬಲ್ಲದು. ಬಿಸಿ ಸೀಟಿನ ಮೇಲೆ ಬಿದ್ದ ಪುಡಿ ಕರಗಿ ಗಾಜಿನಂಥ ಅಂಟು ಪೊರೆಯಾಗಿ ಗಾಳಿಯನ್ನೂ ತಡೆಯುತ್ತದೆ. ಅಡುಗೆ ಸೋಡಾದ ಜಾತಿಯ ‘ಬಿಸಿ’ ಪುಡಿಗೆ ಈ ಅಂಟುವ ಗುಣ ಇಲ್ಲ, ಹೀಗಾಗಿ ಅದು ಸೀಟು, ಹುಲ್ಲಿನ ಬೆಂಕಿಗೆ ಒದಗುವುದಿಲ್ಲ.

ಎಬಿಸಿ ಪುಡಿಗೂ ದೋಷಗಳಿವೆ. ತೇವ ತಾಗಿದರೆ ಆಮ್ಲೀಯವಾಗಿ ಅಲ್ಯೂಮಿನಿಯಂ, ವೈರಿನ ಕನೆಕ್ಟರ್‌ಗಳನ್ನು ತಿನ್ನುತ್ತದೆ, ಬಳಸಿದ ಮೇಲೆ ಬೇಗ ತೊಳೆಸಬೇಕು. ಅದಕ್ಕಿಂತ ಮುಖ್ಯವಾಗಿ, ಅದು ಬಿಸಿಯನ್ನು ತಣಿಸುವುದಿಲ್ಲ. ಜ್ವಾಲೆ ಆರಿದರೂ ಕಾದ ಕೊಳವೆ ಅಲ್ಲೇ ಇರುತ್ತದೆ. ಅದರ ಮೇಲೆ ಮತ್ತೆ ತೊಟ್ಟಿಕ್ಕಿದ ಎಣ್ಣೆ ಪುನಃ ಹೊತ್ತಿಕೊಳ್ಳುತ್ತದೆ. ಹುಲ್ಲಿನ ಮೆತ್ತೆಯ ಒಳಗಿನ ಕೆಂಡಕ್ಕಂತೂ ನೀರೇ ಮದ್ದು. ಐದು ಲೀಟರಿನ ನೀರಿನ ಕ್ಯಾನು ಜೀಪಿನಲ್ಲಿ ಸಿಲಿಂಡರಿನಷ್ಟೇ ಅಗತ್ಯ. ಆದರೆ ಉರಿಯುವ ಪೆಟ್ರೋಲಿಗೆ ನೀರು ಎರಚಬಾರದು. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ.

ಕಲೆ ಉಳಿಸದೆಂದು ಕೆಲವರು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೇಳುತ್ತಾರೆ. ಬಯಲಿನ ಗಾಳಿಯಲ್ಲಿ ಆ ಅನಿಲ ಚದುರಿಹೋಗುತ್ತದೆ, ಮುಚ್ಚಿದ ಕ್ಯಾಬಿನ್ನಿನಲ್ಲಿ ಉಸಿರು ಕಟ್ಟಿಸುತ್ತದೆ. ಅದು 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಜೀಪಿಗೆ ಅದು ಹೇಳಿಸಿದ್ದಲ್ಲ. ನನ್ನ ಆಯ್ಕೆ ಐಎಸ್‌ಐ ಗುರುತಿರುವ, ಒತ್ತಡದ ಗೇಜ್ ಇರುವ, 2 ಕಿಲೋ ಎಬಿಸಿ ಪುಡಿ. ಇಷ್ಟಾದರೂ ಅದರ ಧಾರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿ ಸಿಗುವ ಅರ್ಧ ಕಿಲೋ ಸ್ಪ್ರೇ ಡಬ್ಬಿ ಬಾನೆಟ್ಟಿನ ಬೆಂಕಿಗೆ ಸಾಲದು.

ಬ್ರ್ಯಾಂಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸಿಲಿಂಡರನ್ನು ಗಾಡಿಗೆ ಬಿಗಿಯುವ ಬೋಲ್ಟಿನ ಬಗ್ಗೆ ಒಂದು ನಿಮಿಷವೂ ಯೋಚಿಸುವುದಿಲ್ಲ. 2 ಕಿಲೋ ಪುಡಿಯ ಸಿಲಿಂಡರ್ ಉಕ್ಕಿನ ತೂಕ ಸೇರಿ ಸುಮಾರು ನಾಲ್ಕು ಕಿಲೋ ಬರುತ್ತದೆ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ರ್‍ಯಾಲಿ ಕಾರುಗಳಿಗೆ ಮಾಡಿರುವ ನಿಯಮದ ಪ್ರಕಾರ ಸಿಲಿಂಡರಿನ ಹಿಡಿತ ಗುರುತ್ವದ 25 ಪಟ್ಟು ಬಲವನ್ನು ತಡೆಯಬೇಕು. ಅಂದರೆ ಡಿಕ್ಕಿಯ ಆ ಕ್ಷಣದಲ್ಲಿ ನಾಲ್ಕು ಕಿಲೋ ನೂರು ಕಿಲೋದಂತೆ ಎಳೆಯುತ್ತದೆ. ಪ್ಲಾಸ್ಟಿಕ್ ಕ್ಲಿಪ್, ವೆಲ್ಕ್ರೋ ಪಟ್ಟಿ, ಡಬ್ಬಿಯ ಜೊತೆ ಬರುವ ತೆಳು ತಂತಿಯ ಕೊಕ್ಕೆ ಇದನ್ನು ತಡೆಯಲಾರವು. ಸೀಟಿನಡಿ ಸುಮ್ಮನೆ ಉರುಳಿಸಿಟ್ಟದ್ದು ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಬ್ರೇಕ್ ಪೆಡಲಿನ ಅಡಿ ಸಿಕ್ಕಿಕೊಂಡರೆ ಬೆಂಕಿಗೂ ಮೊದಲೇ ಅನಾಹುತ.

ಎಫ್‌ಐಎ ಕೇಳುವ ಬ್ರಾಕೆಟ್ ನೋಡಲು ಸರಳ. ಉಕ್ಕಿನ ತಟ್ಟೆ, ಸಿಲಿಂಡರನ್ನು ಸುತ್ತಿ ಹಿಡಿಯುವ ಎರಡು ಲೋಹದ ಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ. ತುದಿಯಲ್ಲಿ ಮಡಚಿದ ಪುಟ್ಟ ಕಿವಿಯೊಂದು ಇರುತ್ತದೆ. ಪಟ್ಟಿಯೊಳಗಿಂದ ಸಿಲಿಂಡರ್ ಉದ್ದುದ್ದಕ್ಕೆ ಬಾಣದಂತೆ ಚಿಮ್ಮದಂತೆ ತಡೆಯುವುದು ಅದು. ಬ್ರಾಕೆಟನ್ನು ಗಾಡಿಯ ಲೋಹಕ್ಕೇ ಬಿಗಿಯಬೇಕು, ಪ್ಲಾಸ್ಟಿಕ್ ಹೊದಿಕೆಗೆ ಅಲ್ಲ. ನೆಲದ ತಗಡಿಗೆ ತೂತು ಹಾಕುವ ಮೊದಲು ಅಡಿಗೆ ಹೋಗಿ ಇಂಧನದ ಪೈಪು, ಬ್ರೇಕ್ ಪೈಪು ಎಲ್ಲಿವೆಯೆಂದು ನೋಡಬೇಕು. ಬೋಲ್ಟಿನ ಕೆಳಗೆ ಅಗಲವಾದ ವಾಷರ್ ಇಲ್ಲದಿದ್ದರೆ ತಗಡು ಹರಿದು ಬರುತ್ತದೆ. ರೋಲ್ ಕೇಜಿಗೆ ಕೂರಿಸುವುದಾದರೆ ಕ್ಲಾಂಪ್ ಹಾಕಬೇಕು. ಕೊಳವೆಗೆ ತೂತು ಕೊರೆದರೆ ಉರುಳಿದಾಗ ಜೀವ ಉಳಿಸಬೇಕಾದ ಕೊಳವೆಯೇ ದುರ್ಬಲವಾಗುತ್ತದೆ. ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಯಲ್ಲಂತೂ ಇಡಲೇಬಾರದು.

ಜಾಗ ಆರಿಸಲು ಒಂದು ಪರೀಕ್ಷೆ ಇದೆ. ಸೀಟ್‌ಬೆಲ್ಟ್ ಹಾಕಿಕೊಂಡು ಕುಳಿತು, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕೊಂಡಿ ಬಿಚ್ಚಿ ಸಿಲಿಂಡರ್ ತೆಗೆಯಲು ಆಗಬೇಕು. ಪಕ್ಕದ ಸೀಟಿನವರೂ ಅದನ್ನೇ ಮಾಡಿ ನೋಡಬೇಕು. ಜೀಪು ಎಡಕ್ಕೆ ಮಗುಚಿದರೆ ಎಡಬಾಗಿಲು ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲಕ್ಕಾದರೆ ಬಲಬಾಗಿಲು. ಹಾಗಾಗಿ ಮುಂದಿನ ಎರಡು ಸೀಟುಗಳ ನಡುವೆ, ಇಲ್ಲವೇ ಅವುಗಳ ಹಿಂದಿನ ಅಡ್ಡಕೊಳವೆ ಒಳ್ಳೆಯ ಜಾಗ. ಹಿಂಬದಿಯಲ್ಲಿ ಟೆಂಟು, ಹಗ್ಗ, ಜ್ಯಾಕಿನ ಅಡಿ ಹೂತಿಟ್ಟ ಸಿಲಿಂಡರ್ ಇದ್ದೂ ಇಲ್ಲದಂತೆ.

ಬೆಂಕಿ ಬಿದ್ದರೆ ಮೊದಲು ಎಂಜಿನ್ ಆರಿಸಬೇಕು, ಆಗ ಇಂಧನದ ಪಂಪ್ ನಿಲ್ಲುತ್ತದೆ. ಎಲ್ಲರೂ ಇಳಿಯಬೇಕು. ಬಾನೆಟ್ ಪೂರ್ತಿ ಎತ್ತಬಾರದು, ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಹಾರುತ್ತದೆ. ಬಾನೆಟ್ಟಿನ ಕೊಂಡಿ ಸಡಿಲಿಸಿ ಸಿಗುವ ಸಂದಿನಲ್ಲೇ, ಗಾಳಿಗೆ ಬೆನ್ನು ಹಾಕಿ ನಿಂತು ಉರಿಯ ಬುಡಕ್ಕೆ ಹೊಡೆಯಬೇಕು. ಸಿಲಿಂಡರನ್ನು ನೆಟ್ಟಗೆ ಹಿಡಿಯಬೇಕು. ಒಳಗಿನ ಕೊಳವೆ ತಳದಿಂದ ಪುಡಿ ಎತ್ತುವುದರಿಂದ, ತಲೆಕೆಳಗಾಗಿ ಹಿಡಿದರೆ ಪುಡಿಯನ್ನು ಹೊರದಬ್ಬಬೇಕಾದ ನೈಟ್ರೋಜನ್ ಅನಿಲವಷ್ಟೇ ಹೋಗಿಬಿಡುತ್ತದೆ. ಹತ್ತು ಸೆಕೆಂಡಿನಲ್ಲಿ ಬಗ್ಗದಿದ್ದರೆ ಗಾಡಿಯ ಆಸೆ ಬಿಟ್ಟು ದೂರ ಸರಿದು 101 ಅಥವಾ 112ಕ್ಕೆ ಕರೆ ಮಾಡಬೇಕು. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಹೊತ್ತಿದರೆ ಆ ಹತ್ತು ಸೆಕೆಂಡನ್ನೂ ವ್ಯಯ ಮಾಡಬಾರದು. ಕೋಶಗಳೊಳಗೇ ಹುಟ್ಟುವ ಶಾಖವನ್ನು ಈ ಪುಡಿ ತಡೆಯಲಾರದು.

ಕಲ್ಲುದಾರಿಯ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರಬಹುದು. ತಿಂಗಳಿಗೊಮ್ಮೆ ಬಿಚ್ಚಿ, ಬುಡ ಮೇಲೆ ಮಾಡಿ ಅಲುಗಾಡಿಸಿದರೆ ಒಳಗೆ ಪುಡಿ ಜಾರುವುದು ಕೈಗೆ ಗೊತ್ತಾಗುತ್ತದೆ. ಗೇಜಿನ ಮುಳ್ಳು ಹಸಿರಿನಲ್ಲಿರಬೇಕು, ಪಿನ್ನಿಗೆ ತುಕ್ಕು ಹಿಡಿದಿರಬಾರದು. ಪರೀಕ್ಷಿಸಲೆಂದು ಒಂದು ಸಲ ಒತ್ತಿ ಬಿಟ್ಟರೂ ಪುಡಿಯ ಕಣಗಳು ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡು ನೈಟ್ರೋಜನ್ ದಿನಗಳೆದಂತೆ ಸೋರಿಹೋಗುತ್ತದೆ. ಹಾಗೆ ಒತ್ತಿದ ಸಿಲಿಂಡರನ್ನು ರೀಫಿಲ್ ಮಾಡಿಸಿಯೇ ಬ್ರಾಕೆಟ್ಟಿಗೆ ಮರಳಿ ಕೂರಿಸಬೇಕು.