ಬಿ.ಇಡಿ. ನಡುವೆ ತಪ್ಪಿಹೋದವರ ಮರುಪ್ರವೇಶ: ಹಾಜರಾತಿ, ಗಡುವು, ಅರ್ಜಿ

ನಮ್ಮ ಕಾಲೇಜುಗಳಲ್ಲಿ ಓದಿನ ಕಾರಣಕ್ಕೆ ಯಾರನ್ನೂ ವಜಾ ಮಾಡಿದೆವೆಂದು ಹೇಳುವ ರೂಢಿ ಇಲ್ಲ. ಆದರೆ ವಜಾ ಆಗುವವರು ಇದ್ದಾರೆ. ಸೆಮಿಸ್ಟರ್ ಕೊನೆಯಲ್ಲಿ ಸೂಚನಾ ಫಲಕದ ಮೇಲೆ ಹಾಜರಾತಿ ಕೊರತೆಯವರ ಪಟ್ಟಿ ಬೀಳುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರು ಒಂದೆರಡು ದಿನ ಕಚೇರಿಯ ಮುಂದೆ ನಿಂತು, ಆಮೇಲೆ ಬರುವುದನ್ನೇ ಬಿಡುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲ. ಅಂಕಗಳ ಸರಾಸರಿ ಕುಸಿದರೆ ಮೊದಲು ಎಚ್ಚರಿಕೆಯ ಪತ್ರ, ಸುಧಾರಿಸದಿದ್ದರೆ ವಜಾ ಪತ್ರ ಬರುತ್ತದೆ. ಮೇಲ್ಮನವಿಯನ್ನು ಯಾವ ದಿನಾಂಕದೊಳಗೆ ಸಲ್ಲಿಸಬೇಕು ಎಂಬುದನ್ನೂ ತಿಳಿಸುತ್ತಾರೆ. ಆ ವ್ಯವಸ್ಥೆ ಕಠಿಣವೇ, ಆದರೆ ವಿದ್ಯಾರ್ಥಿಗೆ ತಾನು ಎಲ್ಲಿ ನಿಂತಿದ್ದೇನೆಂದು ಗೊತ್ತಿರುತ್ತದೆ. ನಮ್ಮಲ್ಲಿ ಪತ್ರವೇ ಇಲ್ಲದ್ದರಿಂದ, ಮರಳಿ ಬರಲು ದಾರಿ ಇದೆಯೆಂಬುದೂ ಬಹಳ ಮಂದಿಗೆ ತಿಳಿಯುವುದಿಲ್ಲ. ದಾರಿ ಇದೆ. ಅದಕ್ಕೊಂದು ಗಡುವೂ ಇದೆ, ಮತ್ತು ಆ ಗಡುವು ಯಾರಿಗೂ ಕಾಯದೆ ಓಡುತ್ತಿರುತ್ತದೆ.

ಮೊದಲು ನಿಯಮ ನೋಡೋಣ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮಾವಳಿ ಬಂದ ಮೇಲೆ ಬಿ.ಇಡಿ. ಎರಡು ವರ್ಷದ್ದಾಯಿತು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ವಾರಕ್ಕೆ 36 ಗಂಟೆಗಳು. ತರಗತಿ ಮತ್ತು ಪ್ರಾಯೋಗಿಕ ಕೆಲಸಗಳಿಗೆ ಶೇ. 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಇರಬೇಕು. ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ಕೋರ್ಸನ್ನು ಪ್ರವೇಶ ಪಡೆದ ದಿನಾಂಕದಿಂದ ಗರಿಷ್ಠ ಮೂರು ವರ್ಷದೊಳಗೆ ಮುಗಿಸಬೇಕು.

ಇದನ್ನು ಮೊದಲ ದಿನದ ಪರಿಚಯ ಕಾರ್ಯಕ್ರಮದಲ್ಲಿ ಎಲ್ಲರೂ ಕೇಳಿರುತ್ತಾರೆ. ಆದರೆ ಪ್ರಶಿಕ್ಷಣಾರ್ಥಿಗಳ ಮನಸ್ಸಿನಲ್ಲಿ ಉಳಿಯುವುದು ಶೇ. 80 ಒಂದೇ. 200 ದಿನಕ್ಕೆ ಶೇ. 80 ಎಂದರೆ 160. ಹಾಗಾದರೆ ವರ್ಷಕ್ಕೆ 40 ದಿನ ತಪ್ಪಿಸಬಹುದು, ಹಬ್ಬಕ್ಕೆ, ಅಕ್ಕನ ಮದುವೆಗೆ, ಜ್ವರಕ್ಕೆ ಎಲ್ಲಕ್ಕೂ ಸಾಕು ಎಂದು ಲೆಕ್ಕ ಹಾಕುತ್ತಾರೆ. ಇಂಟರ್ನ್‌ಶಿಪ್‌ನ ಲೆಕ್ಕ ಬೇರೆ. ವಾರಕ್ಕೆ ಆರು ದಿನದಂತೆ 16 ವಾರಕ್ಕೆ 96 ದಿನ. ಅದರ ಶೇ. 90 ಎಂದರೆ 87 ದಿನ ಶಾಲೆಯಲ್ಲಿರಬೇಕು, ಒಂಬತ್ತು ದಿನ ಮಾತ್ರ ತಪ್ಪಬಹುದು. ಮೊದಲ ವರ್ಷದ ನಾಲ್ಕು ವಾರಗಳಲ್ಲಂತೂ 24ರಲ್ಲಿ ಎರಡೇ ದಿನ. ಒಂದು ಡೆಂಗಿ ಜ್ವರಕ್ಕೆ ಹತ್ತು ದಿನ ಮಲಗಿದರೆ ನಾಲ್ಕು ತಿಂಗಳ ಪಾಠಾಭ್ಯಾಸ ಕೈತಪ್ಪುತ್ತದೆ. ನಲವತ್ತು ದಿನದ ಲೆಕ್ಕದಲ್ಲಿ ನಿಶ್ಚಿಂತೆಯಾಗಿದ್ದವರು ಒಂಬತ್ತರ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಬಿ.ಇಡಿ.ಯಲ್ಲಿ ಇಂಟರ್ನ್‌ಶಿಪ್‌ನ ವಾರಗಳಷ್ಟು ಅಪಾಯದ ಕಾಲ ಬೇರೊಂದಿಲ್ಲ.

ಹಿನಕಲ್‌ನಂಥ ಕಡೆಯಿಂದ ಬರುವವರಿಗೆ ಈ ಅಪಾಯ ಇನ್ನೊಂದು ತೂಕ ಹೆಚ್ಚು. ಊರೊಳಗೆ ಹಳೆಯ ಮನೆಗಳು, ಪಕ್ಕದಲ್ಲಿ ಹುಣಸೂರು ರಸ್ತೆ, ಹೊರವರ್ತುಲ ರಸ್ತೆಯ ಮೇಲ್ಸೇತುವೆ, ಆಚೆಗೆ ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳು. ಮನೆಯಲ್ಲಿ ಒಬ್ಬರ ಪಾಳಿ ಕೆಲಸ ನಿಂತರೆ ಓದುತ್ತಿರುವವರು ಅರೆಕಾಲಿಕ ಕೆಲಸಕ್ಕೆ ಇಳಿಯುವುದು ಸಹಜ. ಕೆಲಸ ಹತ್ತಿರದಲ್ಲೇ ಸಿಗುತ್ತದೆ. ಕಾಲೇಜಿನ ತರಗತಿ ತಪ್ಪಿಸಿ ಹೇಗೋ ಸಂಭಾಳಿಸಬಹುದು. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ರಾತ್ರಿಪಾಳಿ ಮುಗಿಸಿ ಬಂದು ನಿಲ್ಲುವುದು ಹೆಚ್ಚು ದಿನ ನಡೆಯುವುದಿಲ್ಲ.

ಇನ್ನು ಮೂರು ವರ್ಷದ ಗಡುವು. ಮೇಲ್ನೋಟಕ್ಕೆ ಎರಡು ವರ್ಷದ ಕೋರ್ಸಿಗೆ ಮೂರು ವರ್ಷ ಎಂದರೆ ಧಾರಾಳ ಎನಿಸುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ಒಬ್ಬ ಪ್ರಶಿಕ್ಷಣಾರ್ಥಿಯ ಪ್ರವೇಶ 2024ರ ಜನವರಿ 10ರಂದು ಆಯಿತೆನ್ನಿ. ಮೂರನೆಯ ಸೆಮಿಸ್ಟರ್ 2025ರ ಜನವರಿಯಲ್ಲಿ ಶುರುವಾಗಿ, ಮಾರ್ಚಿಯಲ್ಲಿ ಆತ ಇಂಟರ್ನ್‌ಶಿಪ್ ಬಿಟ್ಟ. ಆರು ತಿಂಗಳು ಕಳೆದು ಬಂದರೆ ಆಗುವುದಿಲ್ಲ, ಏಕೆಂದರೆ ಆಗ ನಡೆಯುವುದು ನಾಲ್ಕನೆಯ ಸೆಮಿಸ್ಟರ್. ಮೂರನೆಯದು ಮತ್ತೆ ಬರುವುದು ಮುಂದಿನ ತಂಡಕ್ಕೆ, 2026ರ ಜನವರಿಯಲ್ಲಿ. ಅದನ್ನೂ ನಾಲ್ಕನೆಯದನ್ನೂ ಮುಗಿಸುವಾಗ 2026ರ ಡಿಸೆಂಬರ್. ಗಡುವು 2027ರ ಜನವರಿ 9. ಉಳಿದದ್ದು ಕೆಲವೇ ವಾರ. ಮುಂದಿನ ತಂಡದ ದಾಖಲಾತಿ ಎರಡು ತಿಂಗಳು ತಡವಾಗಿದ್ದರೆ ಅದೂ ಇಲ್ಲ. ಅಂದರೆ ನಿಯಮ ಕೊಡುವುದು ಒಂದೇ ಒಂದು ತಪ್ಪಿದ ವರ್ಷ. ಎರಡನೆಯ ಸಲ ತಪ್ಪಿದವರಿಗೆ ಸಮಯ ಇಲ್ಲ. ಗಡಿಯಾರ ತಿರುಗುವುದು ಮೊದಲ ಪ್ರವೇಶದ ದಿನಾಂಕದಿಂದ, ಮರುಪ್ರವೇಶದಿಂದಲ್ಲ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಗಡುವಿನ ಆಚೆ ಬಿದ್ದರೆ ಏನು ಎಂಬುದನ್ನು ಮರುಪ್ರವೇಶಕ್ಕೆ ಮೊದಲೇ ವಿಶ್ವವಿದ್ಯಾಲಯವನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಬೇಕು. ಬಾಯಿಮಾತಿನ 'ಆಗುತ್ತೆ ಬಿಡಿ' ಎಂಬುದಕ್ಕೆ ಎರಡು ವರ್ಷ ಕಳೆದ ಮೇಲೆ ಬೆಲೆ ಇರುವುದಿಲ್ಲ.

ಇಲ್ಲಿ ಮರುಪ್ರವೇಶ ಮತ್ತು ಹೊಸ ಪ್ರವೇಶದ ವ್ಯತ್ಯಾಸ ತಿಳಿದಿರಬೇಕು. ಬೇಸರದಲ್ಲಿ ವರ್ಗಾವಣೆ ಪತ್ರ ಪಡೆದು ಹೋದವರು ಕಾಲೇಜಿನ ದಾಖಲೆಯಲ್ಲಿ ಕೋರ್ಸು ಬಿಟ್ಟವರು. ಅವರು ಮತ್ತೆ ಬರಬೇಕೆಂದರೆ ಬಹುಮಟ್ಟಿಗೆ ಮೊದಲಿನಿಂದಲೇ ಶುರುಮಾಡಬೇಕಾಗುತ್ತದೆ. ಸರ್ಕಾರಿ ಕೋಟಾದ ಸೀಟಾದರೆ ಕೇಂದ್ರೀಕೃತ ದಾಖಲಾತಿ ಘಟಕಕ್ಕೆ ಅರ್ಜಿ ಹಾಕಿ, ಪದವಿಯ ಅಂಕಗಳ ಮೇಲೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಪತ್ರ ಪಡೆಯದೆ ದಾಖಲೆಯಲ್ಲಿ ಉಳಿದವರು ಕೇಳುವುದು ತಮ್ಮದೇ ಹಳೆಯ ಸೀಟನ್ನು. ಆದ್ದರಿಂದ ಹಾಜರಾತಿ ಪಟ್ಟಿ ನೋಡಿದ ದಿನವೇ ಟಿ.ಸಿ. ಕೇಳುವವರನ್ನು ಒಂದು ವಾರ ತಡೆದು ಕೂರಿಸುವುದು ಗುಮಾಸ್ತರಿಂದ ಪ್ರಾಂಶುಪಾಲರವರೆಗೆ ಎಲ್ಲರ ಕೆಲಸ.

ಗರ್ಭಿಣಿ, ಬಾಣಂತಿ ಪ್ರಶಿಕ್ಷಣಾರ್ಥಿಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ತರಗತಿಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳು ಕಡಿಮೆ ಇಲ್ಲ, ಹೆರಿಗೆಯ ಕಾರಣಕ್ಕೆ ಸದ್ದಿಲ್ಲದೆ ಮನೆಗೆ ಹೋದವರೂ ಕಡಿಮೆ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2021ರ ಡಿಸೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ಸಡಿಲಿಕೆ, ಪರೀಕ್ಷಾ ಅರ್ಜಿಯ ದಿನಾಂಕ ವಿಸ್ತರಣೆ ಇವಕ್ಕೆ ನಿಯಮ ರೂಪಿಸುವಂತೆ ಕೇಳಿತು. 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣ ನಮ್ಮ ಕ್ಷೇತ್ರದ್ದೇ. ಮೀರತ್‌ನ ಚೌಧರಿ ಚರಣ್ ಸಿಂಗ್ ವಿಶ್ವವಿದ್ಯಾಲಯದ ಎಂ.ಇಡಿ. ವಿದ್ಯಾರ್ಥಿನಿಯೊಬ್ಬರಿಗೆ ಹೆರಿಗೆ ರಜೆ ನಿರಾಕರಿಸಲಾಗಿತ್ತು. ನ್ಯಾಯಾಲಯ ಆ ನಿರಾಕರಣೆಯನ್ನು ರದ್ದುಮಾಡಿ, 59 ದಿನಗಳ ರಜೆಯನ್ನು ಪರಿಗಣಿಸಲು ಹೇಳಿತು. ಅದನ್ನು ಹಿಡಿದು ತಾತ್ವಿಕ ತರಗತಿಗಳ ಶೇ. 80 ಪೂರೈಸಿದರೆ ಪರೀಕ್ಷೆಗೆ ಕೂರಿಸಬೇಕೆಂದಿತು. ಲೆಕ್ಕಕ್ಕೆ ಬಂದದ್ದು ತಾತ್ವಿಕ ತರಗತಿ ಎಂಬುದನ್ನು ಗಮನಿಸಬೇಕು. ಶಾಲೆಯ ದಿನಗಳನ್ನು ಶಾಲೆಯಲ್ಲೇ ತುಂಬಬೇಕಾಗುತ್ತದೆ. ಹೆರಿಗೆಯ ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುವ ಸಂಗತಿ. ಇಂಟರ್ನ್‌ಶಿಪ್ ಶಾಲೆ ಹಂಚುವ ಮೊದಲೇ ಆಕೆಯೊಡನೆ ಕೂತು ಕ್ಯಾಲೆಂಡರ್ ನೋಡಿದರೆ ಮರುಪ್ರವೇಶದ ಪ್ರಸಂಗವೇ ಬಾರದಿರಬಹುದು.

ಸಂಸ್ಥೆಗಳು ಮನಸ್ಸು ಬದಲಿಸುವುದಿಲ್ಲ ಎಂದೇನೂ ಅಲ್ಲ. 2015ರಲ್ಲಿ ರೂರ್ಕಿ ಐಐಟಿ ಮೊದಲ ವರ್ಷದ 70ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಡಿಮೆ ಅಂಕದ ಕಾರಣಕ್ಕೆ ಹೊರಹಾಕಿತು. ಅವರು ಉಚ್ಚ ನ್ಯಾಯಾಲಯಕ್ಕೆ ಹೋದರೂ ಪರಿಹಾರ ಸಿಗಲಿಲ್ಲ. ಕೊನೆಗೆ ಸಂಸ್ಥೆಯೇ ಇನ್ನೊಂದು ಅವಕಾಶ ಕೊಟ್ಟು ಮೊದಲ ವರ್ಷವನ್ನು ಮತ್ತೆ ಓದಲು ಬಿಟ್ಟಿತು. ಗಮನಿಸಬೇಕಾದ್ದು, ಬಾಗಿಲು ತೆರೆದದ್ದು ಕೋರ್ಟಿನ ಕಡೆಯಿಂದಲ್ಲ, ಕ್ಯಾಂಪಸ್ಸಿನ ಒಳಗಿನಿಂದ. (ಕಾಲೇಜಿನಲ್ಲಿ ಫೇಲಾದ ಶ್ರೀನಿವಾಸ ರಾಮಾನುಜನ್ ಅವರ ಕಥೆ ಹೇಳಿ ಇಂಥವರಿಗೆ ಸಮಾಧಾನ ಮಾಡುವ ಉಪನ್ಯಾಸಕರಿದ್ದಾರೆ. ಕಥೆ ನಿಜ, ಆದರೆ ಅರ್ಜಿಗೆ ಲಗತ್ತಿಸಲು ಬರುವುದಿಲ್ಲ.)

ಅರ್ಜಿಗೆ ಬರೋಣ. ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಕುಲಸಚಿವರಿಗೆ ಹೋಗುವ ಈ ಪತ್ರವನ್ನು ಹೆಚ್ಚಿನವರು ಹೀಗೆ ಬರೆಯುತ್ತಾರೆ: "ನನ್ನ ಮನೆಯ ಪರಿಸ್ಥಿತಿ ಸರಿಯಿಲ್ಲದ ಕಾರಣ ತರಗತಿಗೆ ಬರಲು ಆಗಿರುವುದಿಲ್ಲ. ಆದ್ದರಿಂದ ದಯಮಾಡಿ ಅವಕಾಶ ಕೊಡಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಬೇಡಿಕೊಳ್ಳುತ್ತೇನೆ." ಇದರಲ್ಲಿ ವಿನಯವಿದೆ, ಮಾಹಿತಿ ಇಲ್ಲ. ಓದುವ ಅಧಿಕಾರಿಗೆ ಬೇಕಾದ್ದು ಮೂರು: ಏನಾಯಿತು, ಈಗ ಏನು ಬದಲಾಗಿದೆ, ಗಡುವಿನೊಳಗೆ ಮುಗಿಯುತ್ತದೆಯೇ. ಎರಡನೆಯದನ್ನೇ ಎಲ್ಲರೂ ಬಿಡುತ್ತಾರೆ. ಕಾರಣ ಹಾಗೆಯೇ ಉಳಿದಿದ್ದರೆ ಮತ್ತೆ ಒಳಗೆ ಬಿಟ್ಟು ಪ್ರಯೋಜನವೇನು ಎಂದು ಅವರು ಯೋಚಿಸಿದರೆ ತಪ್ಪಲ್ಲ. ಮಾದರಿಗಾಗಿ:

"ಮೂರನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನ 96 ದಿನಗಳಲ್ಲಿ ನಾನು 61 ದಿನ ಹಾಜರಿದ್ದೆ. ತಂದೆಯವರಿಗೆ ಶಸ್ತ್ರಚಿಕಿತ್ಸೆ ಆದ್ದರಿಂದ ಏಳು ವಾರ ನಾನು ಅವರ ಅಂಗಡಿ ನೋಡಿಕೊಂಡೆ. ಆಸ್ಪತ್ರೆಯ ಬಿಡುಗಡೆ ಪತ್ರ ಲಗತ್ತಿಸಿದ್ದೇನೆ. ಈಗ ತಂದೆಯವರು ಚೇತರಿಸಿಕೊಂಡಿದ್ದಾರೆ, ಅಂಗಡಿಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದಾರೆ. ಅವರ ಒಪ್ಪಿಗೆ ಪತ್ರವೂ ಇದೆ. ಒಂದು ಮತ್ತು ಎರಡನೆಯ ಸೆಮಿಸ್ಟರಿನ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿದ್ದೇನೆ. ಮುಂದಿನ ತಂಡದೊಡನೆ ಮೂರನೆಯ ಸೆಮಿಸ್ಟರಿಗೆ ಮರುಪ್ರವೇಶ ಕೊಟ್ಟರೆ ನನ್ನ ಮೂರು ವರ್ಷದ ಅವಧಿ ಮುಗಿಯುವ ಮೊದಲೇ ಕೋರ್ಸು ಮುಗಿಯುತ್ತದೆ."

ಇಷ್ಟೇ ಸಾಕು. ಅಳು ಬೇಡ, ಅರ್ಧ ಪುಟ ದಾಟುವುದೂ ಬೇಡ. ಇದ್ದ 61 ದಿನವನ್ನು ಮೊದಲೇ ಒಪ್ಪಿ ಬರೆದದ್ದು ಅರ್ಜಿಗೆ ಬಲ ಕೊಡುತ್ತದೆ, ಏಕೆಂದರೆ ಅಧಿಕಾರಿಯ ಮುಂದೆ ಹಾಜರಾತಿ ಪುಸ್ತಕ ಹೇಗೂ ಇರುತ್ತದೆ. ಸುಳ್ಳು ವೈದ್ಯಕೀಯ ಪತ್ರ ಲಗತ್ತಿಸುವ ಚಾಳಿ ಒಂದಿದೆ. ಜ್ವರದ ಪತ್ರ ಕೊಟ್ಟವರು ಅದೇ ವಾರ ಅಣ್ಣನ ಮದುವೆಯ ಫೋಟೋದಲ್ಲಿ ನಗುತ್ತಿದ್ದರೆ, ಆ ಪತ್ರ ಅವರೊಬ್ಬರನ್ನಷ್ಟೇ ಅಲ್ಲ, ಮುಂದೆ ನಿಜವಾಗಿ ಕಾಯಿಲೆ ಬಿದ್ದು ಬರುವವರನ್ನೂ ಕೆಡಿಸುತ್ತದೆ.

ಉಪನ್ಯಾಸಕರ ಕಡೆಯ ಚಾಳಿಯೂ ಒಂದಿದೆ: ಪಾಪ ಎಂದು ಹಾಜರಾತಿ ಹೊಂದಿಸಿಕೊಡುವುದು. ಕಾಲೇಜಿನ ತರಗತಿಯಲ್ಲಿ ಅದರ ನಷ್ಟ ಕಾಣುವುದಿಲ್ಲ. ಶಾಲೆಯಲ್ಲಿ ಕಾಣುತ್ತದೆ. ಎಂಟನೆಯ ತರಗತಿಗೆ ಭಿನ್ನರಾಶಿಯ ಘಟಕ ಶುರುಮಾಡಿದ ಪ್ರಶಿಕ್ಷಣಾರ್ಥಿ ನಾಲ್ಕನೆಯ ಪಾಠಕ್ಕೆ ಬರದಿದ್ದರೆ, ಘಟಕ ಅಲ್ಲೇ ನಿಂತಿರುತ್ತದೆ. ಮಾರ್ಗದರ್ಶಕ ಶಿಕ್ಷಕರು ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯದೆ ಮತ್ತೆ ಮೊದಲಿನಿಂದ ಹೇಳುತ್ತಾರೆ. ಶೇ. 90ರ ನಿಯಮ ಇರುವುದು ಆ ಮಕ್ಕಳಿಗಾಗಿ. ಕರುಣೆ ತೋರಿಸಬೇಕಾದ ಹೊತ್ತು ಮೂರನೆಯ ಗೈರುಹಾಜರಿಯಂದು; ಅಂದೇ ಫೋನ್ ಮಾಡಿ, "ನಿಮಗೆ ಇನ್ನು ಆರು ದಿನ ಉಳಿದಿದೆ" ಎಂದು ಹೇಳಿ, ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟು ಸಹಿ ಪಡೆಯುವುದು. ಅಮೆರಿಕದ ಆ ಎಚ್ಚರಿಕೆಯ ಪತ್ರ ಮಾಡುವ ಕೆಲಸವನ್ನು ಈ ಚೀಟಿ ಮಾಡುತ್ತದೆ.

ಮರಳಿ ಬಂದವರ ಕಷ್ಟ ಬೇರೆ ಥರದ್ದು. ಜೊತೆಗಿದ್ದವರು ಟಿಇಟಿಗೆ ಓದುತ್ತಿರುತ್ತಾರೆ, ಇವರು ಕಿರಿಯರ ನಡುವೆ ಕೂರಬೇಕು. ಅವರನ್ನು ಸಾಧ್ಯವಾದರೆ ಬೇರೆ ಶಾಲೆಗೆ ಹಾಕುವುದು ಒಳ್ಳೆಯದು. ಹಳೆಯ ಶಾಲೆಯಲ್ಲಿ 'ಬಿಟ್ಟುಹೋದ ಮೇಡಂ' ಎಂದು ಮಕ್ಕಳು ಗುರುತು ಹಿಡಿಯುತ್ತಾರೆ, ಮಕ್ಕಳಿಗೆ ಮರೆವಿಲ್ಲ. ಹಳೆಯ ಶಾಲೆಯೇ ಆದರೆ ಮುಖ್ಯ ಶಿಕ್ಷಕರಿಗೆ ಮೊದಲೇ ವಿಷಯ ತಿಳಿಸಿ, ಬೇರೆ ತರಗತಿ ಕೊಡಿಸಬಹುದು.

ಹಿಂದೆ ಕೊಟ್ಟ ಪಾಠಗಳ ಕಥೆ ಏನು ಎಂಬುದೇ ಮರಳಿದವರು ಮೊದಲು ಕೇಳುವ ಪ್ರಶ್ನೆ. ಅರ್ಧ ತುಂಬಿದ ಪಾಠಯೋಜನೆಯ ಪುಸ್ತಕ, ವೀಕ್ಷಣಾ ಹಾಳೆಗಳು, ಸಹಪಾಠಿಗಳ ಪಾಠದ ಟಿಪ್ಪಣಿಗಳು ಅವರ ಬಳಿ ಇರುತ್ತವೆ. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದನ್ನು ಹೊಸದಾಗಿ ಮಾಡಬೇಕು, 87 ದಿನಗಳನ್ನೂ ಮತ್ತೆ ತುಂಬಬೇಕೆ ಎಂಬುದನ್ನು ಮರುಪ್ರವೇಶದ ಮೊದಲ ವಾರದಲ್ಲೇ ಪ್ರಾಂಶುಪಾಲರು ಮತ್ತು ಪಾಠಾಭ್ಯಾಸದ ಉಸ್ತುವಾರಿ ಉಪನ್ಯಾಸಕರು ಸಹಿ ಹಾಕಿದ ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಒಂದು ಪ್ರತಿ ಕಚೇರಿಯ ಕಡತಕ್ಕೆ, ಒಂದು ಶಾಲೆಯ ಮಾರ್ಗದರ್ಶಕ ಶಿಕ್ಷಕರಿಗೆ, ಒಂದು ಪ್ರಶಿಕ್ಷಣಾರ್ಥಿಯ ಪಾಠಯೋಜನೆಯ ಪುಸ್ತಕದ ಒಳರಟ್ಟಿಗೆ ಅಂಟಿಸಲು.