ಮನೆಗೆ ವೆಲ್ಡಿಂಗ್ ಯಂತ್ರ ತರುವ ಮುನ್ನ

ಒಂದು ರಾತ್ರಿ ಹನ್ನೆರಡರ ಸುಮಾರಿಗೆ ಪರಿಚಯದ ತಾಯಿಯೊಬ್ಬರು ಇಬ್ಬರು ಗಂಡುಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ನನ್ನ ಮನೆಗೆ ಬಂದರು. ಇಬ್ಬರಿಗೂ ಕಣ್ಣು ತೆರೆಯಲಾಗುತ್ತಿರಲಿಲ್ಲ. ಒಂದೇ ಸಮನೆ ನೀರು ಸುರಿಯುತ್ತಿತ್ತು. “ಡಾಕ್ಟ್ರೇ, ಕಣ್ಣಿಗೆ ಮರಳು ಹಾಕಿ ತಿಕ್ಕಿದ ಹಾಗಾಗ್ತಿದೆ” ಎಂದ ದೊಡ್ಡವನು.

ವಿಚಾರಿಸಿದಾಗ ಸಂಗತಿ ತಿಳಿಯಿತು. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗೆ ತಂದೆಯ ಹಳೆಯ ಕಾರಿನ ತಳ ತುಕ್ಕು ಹಿಡಿದಿತ್ತು. ಅದನ್ನು ತಾನೇ ಸರಿಪಡಿಸುವ ಹುಮ್ಮಸ್ಸಿನಲ್ಲಿ ದೊಡ್ಡ ಮಗ ಮಿಗ್ ವೆಲ್ಡಿಂಗ್ ಯಂತ್ರ ತಂದಿದ್ದ. ಜೊತೆಗೆ ಬಂದ ಕೈಯಲ್ಲಿ ಹಿಡಿಯುವ ಗಾಜನ್ನು, ಎರಡೂ ಕೈ ಬೇಕಾದಾಗಲೆಲ್ಲ ಬದಿಗಿಟ್ಟಿದ್ದ. ತಗಡು ಹಿಡಿದು ಕೂತ ತಮ್ಮನ ಕಣ್ಣಿಗೆ ಬರೀ ತಂಪು ಕನ್ನಡಕ!

ವೆಲ್ಡಿಂಗ್ ಕಿಡಿಯಿಂದ ಹೊಮ್ಮುವ ಅತಿನೇರಳೆ ಕಿರಣಗಳು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತವೆ. ಆ ಕ್ಷಣ ಏನೂ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆಗಳ ನಂತರ ಉರಿ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಆದರೆ ಕಣ್ಣು ಉಜ್ಜಬಾರದು. ಎದೆಹಾಲು, ಆಲೂಗಡ್ಡೆ ರಸ ಇತ್ಯಾದಿ ಹಾಕಲೇಬಾರದು. ಸುಟ್ಟ ಪಟಲಕ್ಕೆ ಸೋಂಕು ತಗಲುವುದು ಸುಲಭ. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಮತ್ತೆ ಮತ್ತೆ ಹಾಕಿಕೊಂಡರೆ ಗಾಯ ಮಾಯುವುದೇ ಇಲ್ಲ. ವೈದ್ಯರಿಗೆ ತೋರಿಸಿ.

ಯಾವ ಯಂತ್ರ ಕೊಳ್ಳಬೇಕು?

ಇದು ವೈದ್ಯನ ವಿಷಯವಲ್ಲ ಎನ್ನಬಹುದು. ಆದರೆ ಆಯ್ಕೆಯಲ್ಲೇ ಅರ್ಧ ಆರೋಗ್ಯ ಅಡಗಿದೆ. ಮಿಗ್ ಯಂತ್ರದಲ್ಲಿ ಬೆಸುಗೆಯ ತಂತಿ ತಾನಾಗಿಯೇ ಮುಂದೆ ಬರುವುದರಿಂದ ಹೊಸಬರಿಗೆ ಕಲಿಯಲು ಸುಲಭ. ಕಾರಿನ ಮೈಯ ತಗಡು ಹೆಚ್ಚಾಗಿ ಒಂದು ಮಿಲಿಮೀಟರಿಗಿಂತ ತೆಳು. ಹೀಗಾಗಿ ಯಂತ್ರ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ಕಡಿಮೆಗೆ ಇಳಿಯುತ್ತದೆ ಎಂದು ಕೇಳಿ. 30 ಆಂಪಿಯರ್‌ಗೆ ಇಳಿಯುವ, 0.6 ಅಥವಾ 0.8 ಮಿ.ಮೀ. ತಂತಿ ಹಿಡಿಯುವ ಯಂತ್ರವಾದರೆ ತಗಡು ತೂತಾಗುವುದು ಕಡಿಮೆ. ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಆ ಭಾರ ತಾಳುತ್ತವೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಗ್ಯಾಸ್ ಸಿಲಿಂಡರ್ ಬೇಡದ, ಒಳಗೆ ಫ್ಲಕ್ಸ್ ತುಂಬಿದ ತಂತಿಯ ಯಂತ್ರ ಅಗ್ಗವೆಂದು ಹಲವರು ಅದನ್ನೇ ಆರಿಸುತ್ತಾರೆ. ಅದರಲ್ಲಿ ಹೊಗೆ ಹೆಚ್ಚು, ಸಿಡಿಯುವ ಕಿಡಿಯೂ ಹೆಚ್ಚು. ತೆಳು ತಗಡಿನ ಕೆಲಸಕ್ಕೆ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣ ಬಳಸುವ ಯಂತ್ರವೇ ಮೇಲು. ಆದರೆ ಮುಚ್ಚಿದ ಶೆಡ್ಡಿನಲ್ಲಿ ಈ ಅನಿಲಗಳು ಕೆಳಗೆ ತುಂಬಿಕೊಂಡು ಉಸಿರುಗಟ್ಟಿಸಬಲ್ಲವು. ಬಾಗಿಲು ತೆರೆದೇ ಇರಲಿ.

ಯಂತ್ರಕ್ಕೆಂದು ಇಟ್ಟ ಹಣದಲ್ಲಿ ಮೊದಲು ರಕ್ಷಣೆಯ ಪಾಲನ್ನು ತೆಗೆದಿಡಿ: ತಲೆಗೆ ಹಾಕುವ, ತಾನಾಗಿ ಕಪ್ಪಾಗುವ ಗಾಜಿನ ಮುಖಗವಚ (ಗಾಜಿನ ಕಪ್ಪು 10ರಿಂದ 12ನೇ ನಂಬರು), ಚರ್ಮದ ಕೈಗವಸು, ತುಂಬುತೋಳಿನ ಹತ್ತಿಯ ಅಂಗಿ, ಚರ್ಮದ ಬೂಟು. ಸಹಾಯಕ್ಕೆ ನಿಲ್ಲುವವರಿಗೂ ಒಂದು ಮುಖಗವಚ ಬೇಕು. ಮಕ್ಕಳನ್ನು ದೂರವಿಡಿ.

ಹೊಗೆಯನ್ನು ಹಗುರವಾಗಿ ಎಣಿಸಬೇಡಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ತಿಂಗಳಿಗೊಮ್ಮೆ ವೆಲ್ಡಿಂಗ್ ಮಾಡುವವರು ವೃತ್ತಿಯವರಷ್ಟು ಹೊಗೆ ಕುಡಿಯುವುದಿಲ್ಲ, ನಿಜ. ಆದರೂ ಹೊಗೆ ಏಳುವ ಜಾಗದ ಮೇಲೆ ಮುಖ ಬಾಗಿಸಬೇಡಿ. ಸೂಕ್ತ ಮಾಸ್ಕ್ ಹಾಕಿ. ಕರವಸ್ತ್ರ ಕಟ್ಟಿದರೆ ಸಾಲದು.

ಹಲವು ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ. ಅದರ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ನೋಡಲು ಥೇಟ್ ಮಲೇರಿಯಾದಂತೆ! ಆದ್ದರಿಂದ ವೈದ್ಯರಿಗೆ ವೆಲ್ಡಿಂಗ್ ಮಾಡಿದ ವಿಷಯ ಹೇಳಲು ಮರೆಯಬೇಡಿ. ಹಾಲು ಕುಡಿದರೆ ಹೊಗೆಯ ವಿಷ ಇಳಿಯುತ್ತದೆಂಬುದು ಬರೀ ನಂಬಿಕೆ. ಬೆಸುಗೆಯ ಜಾಗದ ಲೇಪವನ್ನೂ ಬಣ್ಣವನ್ನೂ ಮೊದಲೇ ಉಜ್ಜಿ ತೆಗೆಯಿರಿ; ಉಜ್ಜುವಾಗಲೂ ಮಾಸ್ಕ್ ಮತ್ತು ಕನ್ನಡಕ ಇರಲಿ.

ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತಗಡು ಒರೆಸಿ ವೆಲ್ಡಿಂಗ್ ಮಾಡುವುದು ಪ್ರಾಣಕ್ಕೇ ಅಪಾಯ. ಕಾವಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಉಸಿರಾಟದ ತೊಂದರೆ ಗಂಟೆಗಟ್ಟಲೆ ತಡವಾಗಿಯೂ ಕಾಣಿಸಬಹುದು. ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೂ ಕೆಲವು ಮಾತು

* ಪೆಟ್ರೋಲ್ ಟ್ಯಾಂಕ್ ಅಥವಾ ಪೈಪಿನ ಬಳಿಯ ಕೆಲಸ ಮನೆಯಲ್ಲಿ ಬೇಡವೇ ಬೇಡ. ಖಾಲಿ ಟ್ಯಾಂಕೂ ಸಿಡಿಯುತ್ತದೆ.
* ಕಾರಿನ ಬ್ಯಾಟರಿ ಸಂಪರ್ಕ ತೆಗೆಯಿರಿ. ಸೀಟು, ಮ್ಯಾಟ್ ಹೊರಗಿಡಿ. ಬೆಂಕಿ ಆರಿಸುವ ಸಾಧನ ಕೈಗೆಟುಕಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಕಾವಲಿರಿ.
* ಒದ್ದೆ ನೆಲದ ಮೇಲೆ ನಿಂತು ವೆಲ್ಡಿಂಗ್ ಮಾಡಬೇಡಿ.
* ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ತಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಯಂತ್ರದ ಹತ್ತಿರ ಬರಬಾರದು.

ಆ ಅಣ್ಣತಮ್ಮಂದಿರ ಕಣ್ಣು ಮೂರನೆಯ ದಿನಕ್ಕೆ ತಿಳಿಯಾಯಿತು. “ಇನ್ನು ಆ ಯಂತ್ರ ಮಾರಿಬಿಡಿ ಎಂದು ಹೇಳಿ ಡಾಕ್ಟ್ರೇ” ಎಂದರು ತಾಯಿ. ನಾನು ಹಾಗೆ ಹೇಳಲಿಲ್ಲ. ಕೈಯಾರೆ ಕೆಲಸ ಕಲಿಯುವ ಮಕ್ಕಳನ್ನು ತಡೆಯಬಾರದು. ಮುಖಗವಚ ಎರಡು ಬರುವವರೆಗೆ ಯಂತ್ರದ ಪ್ಲಗ್ ಹಾಕಕೂಡದು ಎಂದಷ್ಟೇ ಹೇಳಿ ಕಳಿಸಿದೆ.