ಕೊಲೊನೋಸ್ಕೋಪಿಗೆ ಮುನ್ನ ಕರುಳು ಏಕೆ ಖಾಲಿಯಾಗಬೇಕು?

ಕಾನಹೊಸಹಳ್ಳಿಯಂಥ ಊರಿನಲ್ಲಿ ಒಬ್ಬ ಹಿರಿಯರಿಗೆ ಮಲದಲ್ಲಿ ರಕ್ತ ಕಾಣಿಸಿತು ಎನ್ನಿ. ಮೂಲವ್ಯಾಧಿ ಇರಬೇಕೆಂದು ಕೆಲವು ತಿಂಗಳು ಮನೆಮದ್ದು ನಡೆಯುತ್ತದೆ. ಕೊನೆಗೆ ಬಳ್ಳಾರಿಯಲ್ಲೋ ದಾವಣಗೆರೆಯಲ್ಲೋ ವೈದ್ಯರು ಕೊಲೊನೋಸ್ಕೋಪಿ ಮಾಡಿಸಲು ಹೇಳಿ, ಪುಡಿಯ ಪೊಟ್ಟಣವನ್ನೂ ಇಂಗ್ಲಿಷಿನ ಒಂದು ಹಾಳೆಯನ್ನೂ ಕೈಗಿಡುತ್ತಾರೆ. ಮನೆಯಲ್ಲಿ ಆ ಹಾಳೆಯನ್ನು ಓದಿ ಹೇಳಬೇಕಾದವರು ಯಾರು? ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ನೀವೇ. ಅದರಲ್ಲಿರುವ ಸೂಚನೆಗಳ ಹಿಂದಿನ ವಿಜ್ಞಾನ ನಿಮಗೆ ಗೊತ್ತಿದ್ದರೆ ಅಜ್ಜನಿಗೆ ಒಪ್ಪಿಸುವುದು ಸುಲಭ.

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ವಯಸ್ಸಾದಂತೆ ಕೆಲವರಲ್ಲಿ ಅದರ ಒಳಗೋಡೆಯ ಮೇಲೆ ಪಾಲಿಪ್ ಎಂಬ ಚಿಕ್ಕ ಗಂಟುಗಳು ಬೆಳೆಯುತ್ತವೆ. ಎಲ್ಲವೂ ಅಪಾಯಕಾರಿಯಲ್ಲ. ಆದರೆ ಅಡಿನೋಮ ಎಂಬ ಬಗೆಯವುಗಳಲ್ಲಿ ಕೆಲವು, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು, ಕ್ಯಾನ್ಸರ್ ಆಗುತ್ತವೆ. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪಿನ ಮೂಲಕ ತಂತಿಯ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೆಯೇ ಪಾಲಿಪ್ ಕತ್ತರಿಸುವುದನ್ನು ಆರಂಭಿಸಿದರು. ಹೀಗಾಗಿ ಇದು ರೋಗ ಹುಡುಕುವ ಪರೀಕ್ಷೆಯಷ್ಟೇ ಅಲ್ಲ, ರೋಗ ಬಾರದಂತೆ ತಡೆಯುವ ಉಪಾಯವೂ ಹೌದು. ಅಮೆರಿಕದಲ್ಲಿ 45 ವರ್ಷ ದಾಟಿದವರು, ಯಾವ ತೊಂದರೆ ಇಲ್ಲದಿದ್ದರೂ, ಕರುಳಿನ ತಪಾಸಣೆ ಮಾಡಿಸಿಕೊಳ್ಳಬೇಕೆಂದು 2021ರಿಂದ ಸಲಹೆಯಿದೆ. ನಮ್ಮ ದೇಶದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಮಾತ್ರ. ಆದ್ದರಿಂದ ನಮ್ಮವರಿಗೆ ಕೊಲೊನೋಸ್ಕೋಪಿಯ ಸಂದರ್ಭ ಬರುವುದೇ ಅಪರೂಪ. ಬಂದಾಗ ಅದು ವ್ಯರ್ಥವಾಗಬಾರದು.

ವ್ಯರ್ಥವಾಗುವುದು ಹೇಗೆ? ಕೊಲೊನೋಸ್ಕೋಪಿನ ತುದಿಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಕ್ಯಾಮೆರಾದೊಂದಿಗೇ ದುಡಿಯುವ ನನ್ನಂಥವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಚಿತ್ರೀಕರಣದ ಹೊತ್ತಿಗೆ ಅಡ್ಡ ನಿಂತ ವಸ್ತುವಿನ ಹಿಂದೆ ಏನಿತ್ತೆಂದು ಆಮೇಲೆ ಯಾವ ಎಡಿಟಿಂಗ್ ಮೇಜೂ ತೋರಿಸಲಾರದು. ಕರುಳಿನಲ್ಲಿ ಮಲದ ಒಂದು ತೆಳುಪದರ ಉಳಿದರೂ ಸಾಕು, ಕೆಲವೇ ಮಿಲಿಮೀಟರಿನ, ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿರುವ ಪಾಲಿಪ್ ಮರೆಯಾಗುತ್ತದೆ. ಆಗ ಬರುವ 'ಏನೂ ಇಲ್ಲ' ಎಂಬ ವರದಿಯನ್ನು ಪೂರ್ತಿ ನಂಬುವಂತಿಲ್ಲ.

ಸ್ವಚ್ಛತೆಗೂ ಅಂಕಗಳಿವೆ! 2009ರಲ್ಲಿ ಪ್ರಕಟವಾದ ಬಾಸ್ಟನ್ ಮಾಪಕದಲ್ಲಿ ದೊಡ್ಡ ಕರುಳನ್ನು ಬಲ, ನಡು, ಎಡ ಎಂದು ಮೂರು ಭಾಗ ಮಾಡಿ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದರೆ ತೇರ್ಗಡೆ. ಇಲ್ಲಿ ಒಟ್ಟು ಅಂಕ ಚೆನ್ನಾಗಿದ್ದರೂ ಒಂದು 'ವಿಷಯ'ದಲ್ಲಿ ನಪಾಸಾದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಬಹುದು.

ಇನ್ನು ಆ ಪುಡಿ. ಹೆಚ್ಚಾಗಿ ಅದು ಲವಣಗಳೊಂದಿಗೆ ಬೆರೆಸಿದ ಪಾಲಿಎಥಿಲೀನ್ ಗ್ಲೈಕಾಲ್. ನೀವು ಓದಿರುವ ಅಭಿಸರಣೆ, ಅಂದರೆ ಆಸ್ಮಾಸಿಸ್, ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ದೊಡ್ಡ ಅಣುವನ್ನು ಕರುಳು ಹೀರಲಾರದು; ಕುಡಿದ ನೀರನ್ನು ಅದು ಕರುಳಿನಲ್ಲೇ ಹಿಡಿದಿಡುತ್ತದೆ, ಆ ನೀರು ಎಲ್ಲವನ್ನೂ ತೊಳೆದು ಹೊರಬರುತ್ತದೆ. ದೇಹದ ಲವಣ ಸೋರಿಹೋಗದಿರಲೆಂದೇ ಲವಣಗಳ ಬೆರಕೆ. 1980ರಲ್ಲಿ ಈ ದ್ರಾವಣ ಬರುವ ಮೊದಲು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನೂ ಬಳಸುತ್ತಿದ್ದರು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಬಿಡುತ್ತವೆ. ವಿದ್ಯುತ್ ಕುಣಿಕೆಯ ಶಾಖ ತಗುಲಿ ಅನಿಲ ಸ್ಫೋಟಗೊಂಡು ರೋಗಿಯೊಬ್ಬರು ಮೃತಪಟ್ಟ ಪ್ರಸಂಗ ಫ್ರಾನ್ಸಿನಿಂದ 1979ರಲ್ಲಿ ವರದಿಯಾಯಿತು.

ದ್ರಾವಣವನ್ನು ಎರಡು ಪಾಲು ಮಾಡಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿಯಲು ಆರಂಭಿಸುವುದು ಇಂದು ಒಪ್ಪಿತವಾದ ಕ್ರಮ. ಕಾರಣ ಕುತೂಹಲಕರ. ರಾತ್ರಿ ಕರುಳು ತೊಳೆದಿದ್ದರೂ, ಬೆಳಗಿನೊಳಗೆ ಸಣ್ಣ ಕರುಳಿನಿಂದ ಪಿತ್ತ ಬೆರೆತ ಅಂಟು ರಸ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಬಳಿದುಕೊಳ್ಳುತ್ತದೆ. ಚಪ್ಪಟೆ ಪಾಲಿಪ್‌ಗಳು ಹೆಚ್ಚಾಗಿ ಅಡಗುವ ಜಾಗವೂ ಅದೇ. ಎರಡನೆಯ ಪಾಲು ಅದನ್ನು ತೊಳೆಯುತ್ತದೆ.

ನಮ್ಮ ಕಡೆಯವರ ನಿಜವಾದ ತೊಡಕು ಇಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆಯಿದ್ದರೆ ನಸುಕಿಗೇ ಕುಡಿಯಬೇಕು; ಕುಡಿದ ಮೇಲೆ ಮತ್ತೆ ಮತ್ತೆ ಶೌಚಾಲಯ ಬೇಕು. ಹೆದ್ದಾರಿಯ ಬಸ್ಸಿನಲ್ಲಿ ಕೂತವರು ಏನು ಮಾಡಿಯಾರು? ಎರಡನೆಯ ಪಾಲನ್ನು ಬಿಟ್ಟುಬಿಡುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ದಿನ ಗೊತ್ತುಮಾಡುವಾಗಲೇ 'ನಾವು ಕಾನಹೊಸಹಳ್ಳಿಯಿಂದ ಬರುವವರು, ಮಧ್ಯಾಹ್ನದ ಸಮಯ ಕೊಡಿ' ಎಂದು ಕೇಳಿ. ಆಗದಿದ್ದರೆ ಹಿಂದಿನ ರಾತ್ರಿಯೇ ಆಸ್ಪತ್ರೆಯಿರುವ ಊರಿನಲ್ಲಿ ನೆಂಟರ ಮನೆಯನ್ನೋ ಲಾಡ್ಜನ್ನೋ ನೋಡಿಕೊಳ್ಳಿ.

ಊಟದ ಪಥ್ಯ ಒಂದೆರಡು ದಿನ ಮೊದಲೇ ಶುರು. ಜೋಳದ ರೊಟ್ಟಿ, ಮುದ್ದೆ, ಪುಂಡಿಪಲ್ಯ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ, ಸೀಬೆ, ಬೀಜವಿರುವ ಟೊಮೆಟೊ ಬೇಡ. ನಾರು ಆರೋಗ್ಯಕ್ಕೆ ಒಳ್ಳೆಯದೆಂದು ನೀವು ಓದಿದ್ದು ಸರಿಯೇ, ಆದರೆ ಈ ದಿನಗಳ ಮಟ್ಟಿಗೆ ಅಲ್ಲ. ಮೆತ್ತಗಿನ ಬಿಳಿ ಅನ್ನ ಸಾಕು. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡುವುದರಿಂದ ಅದನ್ನು ಯಾವಾಗ ನಿಲ್ಲಿಸಬೇಕೆಂದು ಕೇಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಅರಿವಳಿಕೆ ಕೊಡುವುದಿದ್ದರೆ, ಅದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ದ್ರಾವಣ, ನೀರು ಎಲ್ಲವೂ ನಿಲ್ಲಬೇಕು.

ಕರುಳು ಸಿದ್ಧವಾಯಿತೆಂದು ತಿಳಿಯುವುದು ಹೇಗೆಂದರೆ, ಕೊನೆಗೆ ಹೊರಬರುವುದು ತಿಳಿಹಳದಿ ನೀರಿನಂತಿದ್ದು ಅದರಲ್ಲಿ ಚೂರುಗಳು ಇರುವುದಿಲ್ಲ. ಇನ್ನೂ ಕಂದು ಬಣ್ಣವಿದ್ದರೆ ಅಜ್ಜ ಸಂಕೋಚಪಟ್ಟು ಸುಮ್ಮನಿದ್ದಾರು. ಪರೀಕ್ಷೆಯ ಕೋಣೆಗೆ ಕರೆದೊಯ್ಯುವ ಮೊದಲೇ ನರ್ಸಿಗೆ ನೀವು ಹೇಳಿಬಿಡಿ.